ಹತ್ತು ಹೆಸರಿನ ಸಂಬಳ ಪಟ್ಟಿ

ಒಂದು ಸಂಬಳ ಪಟ್ಟಿ ಓದಿ ಮಾತು ಶುರು ಮಾಡುತ್ತೇನೆ. 1869ನೇ ಇಸವಿಯದ್ದು. ಅಮೆರಿಕದ ಓಹಾಯೊ ರಾಜ್ಯದ ಸಿನ್ಸಿನಾಟಿ ಎಂಬ ಊರಿನ ಒಂದು ಬೇಸ್‌ಬಾಲ್ ಕ್ಲಬ್ಬಿನದ್ದು. ಜಾರ್ಜ್ ರೈಟ್, 1,400 ಡಾಲರ್. ಅವನ ಅಣ್ಣ ಹ್ಯಾರಿ ರೈಟ್, 1,200. ಏಸಾ ಬ್ರೇನಾರ್ಡ್, 1,100. ಫ್ರೆಡ್ ವಾಟರ್‌ಮನ್, 1,000. ಆಮೇಲೆ ತಲಾ 800 ಡಾಲರಿನ ಐದು ಜನ: ಚಾರ್ಲಿ ಗೂಲ್ಡ್, ಚಾರ್ಲಿ ಸ್ವೀಸಿ, ಡಗ್ ಆಲಿಸನ್, ಆಂಡಿ ಲಿಯೊನಾರ್ಡ್, ಕ್ಯಾಲ್ ಮೆಕ್‌ವೇ. ಕೊನೆಗೆ ಬದಲಿ ಆಟಗಾರ ಡಿಕ್ ಹರ್ಲಿ, 600. ಒಟ್ಟು 9,300 ಡಾಲರ್. ಮಾರ್ಚ್ 15ರಿಂದ ನವೆಂಬರ್ 15ರವರೆಗೆ, ಎಂಟು ತಿಂಗಳ ಆಟಕ್ಕೆ.

ಈ ತಂಡದ ಹೆಸರು ರೆಡ್ ಸ್ಟಾಕಿಂಗ್ಸ್. ಮೊಣಕಾಲಿನವರೆಗಿನ ಚಡ್ಡಿ, ಕೆಳಗೆ ಉದ್ದನೆಯ ಕೆಂಪು ಕಾಲುಚೀಲ. ತಂಡದ ಪ್ರತಿಯೊಬ್ಬನಿಗೂ ಸಂಬಳ ಕೊಡುತ್ತೇವೆ ಎಂದು ಬಹಿರಂಗವಾಗಿ ಹೇಳಿ ಮೈದಾನಕ್ಕೆ ಇಳಿದ ಮೊದಲ ಬೇಸ್‌ಬಾಲ್ ತಂಡ ಇದು. ಹಾಗಾಗಿ ಈ ಹತ್ತು ಹೆಸರು ನನಗೆ ಬಹಳ ಮುಖ್ಯ. ಆಡುವುದೇ ಉದ್ಯೋಗವಾದರೆ ಮನುಷ್ಯನ ಬದುಕು ಯಾವ ಕಡೆ ತಿರುಗುತ್ತದೆ? ಈ ಪ್ರಶ್ನೆಯನ್ನು ಒಂದು ಇಡೀ ತಂಡವಾಗಿ ಮೊದಲು ಎದುರಿಸಿದವರು ಇವರು. ಇವರು ಎಲ್ಲಿಂದ ಬಂದರು, ಆಟ ಮುಗಿದ ಮೇಲೆ ಎಲ್ಲಿಗೆ ಹೋದರು ಅಂತ ಒಬ್ಬೊಬ್ಬರನ್ನೇ ಹಿಂಬಾಲಿಸೋಣ.

ಬೇಸ್‌ಬಾಲ್ ನೋಡದವರಿಗೆ ಎರಡು ಮಾತು. ಚೆಂಡು ಎಸೆಯುವವನು ಪಿಚರ್. ಹೊಡೆಯುವವನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವನು ಕ್ಯಾಚರ್, ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಹೊಡೆದವನು ನಾಲ್ಕು ಬೇಸ್‌ಗಳನ್ನು ಸುತ್ತಿ ಬಂದರೆ ಒಂದು ರನ್. ಇನ್ನೊಂದು ಸಂಗತಿ ನೆನಪಿಡಿ. ನಾನು ಹೇಳುವ ಕಾಲದಲ್ಲಿ ಕೈಗೆ ಗ್ಲೌಸ್ ಇರಲಿಲ್ಲ. ಎಲ್ಲರೂ ಬರಿಗೈಯಲ್ಲೇ ಹಿಡಿಯುತ್ತಿದ್ದರು.

ಈಗ 1869ಕ್ಕಿಂತ ಸ್ವಲ್ಪ ಹಿಂದಕ್ಕೆ ಹೋಗೋಣ. ಬೇಸ್‌ಬಾಲ್ ಆಗ ಕ್ಲಬ್ಬಿನ ಆಟ. ನ್ಯೂಯಾರ್ಕ್ ಸುತ್ತಮುತ್ತ ಅಂಗಡಿಯವರು, ಗುಮಾಸ್ತರು, ಕಸುಬುದಾರರು ಸಂಜೆ ಹೊತ್ತು ಆಡುತ್ತಿದ್ದರು. 1857ರಲ್ಲಿ ಕ್ಲಬ್ಬುಗಳೆಲ್ಲ ಸೇರಿ ಸಂಘ ಕಟ್ಟಿಕೊಂಡವು. ದುಡ್ಡು ತಗೊಂಡು ಆಡಬಾರದು ಅನ್ನುವುದು ಆ ಸಂಘದ ನಿಯಮ. ಆದರೆ ಗೆಲ್ಲಲೇಬೇಕು ಅನ್ನುವ ಆಸೆ ಬಂದ ಮೇಲೆ ನಿಯಮ ಎಷ್ಟು ದಿನ ನಿಲ್ಲುತ್ತದೆ ಹೇಳಿ. ಬ್ರೂಕ್ಲಿನ್‌ನಲ್ಲಿ ಜಿಮ್ ಕ್ರೈಟನ್ ಅಂತ ಒಬ್ಬ ಹುಡುಗನಿದ್ದ. ಅದ್ಭುತವಾದ ಪಿಚರ್. 1860ರಲ್ಲಿ ಎಕ್ಸೆಲ್ಸಿಯರ್ ಕ್ಲಬ್ಬು ಅವನಿಗೆ ಗುಟ್ಟಾಗಿ ದುಡ್ಡು ಕೊಡುತ್ತಿತ್ತು ಅಂತ ಬಹಳ ಜನ ನಂಬುತ್ತಾರೆ. ಅವನು 1862ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 21. ಲಿಪ್ ಪೈಕ್ ಎಂಬುವನಿಗೆ 1866ರಲ್ಲಿ ಫಿಲಡೆಲ್ಫಿಯಾದ ಅಥ್ಲೆಟಿಕ್ ಕ್ಲಬ್ಬು ವಾರಕ್ಕೆ 20 ಡಾಲರ್ ಕೊಡುತ್ತಿದೆ ಅಂತ ದೂರು ಹೋಯಿತು. ದೂರು ಹಾಗೇ ಬಿದ್ದುಹೋಯಿತು. ಯಾಕೆಂದರೆ ಆ ಹೊತ್ತಿಗೆ ಬಹಳ ಕ್ಲಬ್ಬುಗಳು ಅದನ್ನೇ ಮಾಡುತ್ತಿದ್ದವು.

ದುಡ್ಡು ಕೊಡುವುದಕ್ಕೆ ಇನ್ನೊಂದು ದಾರಿಯೂ ಇತ್ತು. ಅದು ನಮಗೆ ಚೆನ್ನಾಗಿ ಗೊತ್ತಿರುವ ದಾರಿ: ಕೆಲಸ ಕೊಡಿಸುವುದು. ವಾಷಿಂಗ್ಟನ್‌ನ ನ್ಯಾಷನಲ್ಸ್ ತಂಡದ ಆಟಗಾರರಲ್ಲಿ ಹಲವರು ಸರ್ಕಾರದ ಖಜಾನೆ ಇಲಾಖೆಯ ಗುಮಾಸ್ತರು. ನಮ್ಮ ಸಂಬಳ ಪಟ್ಟಿಯ ಮೊದಲ ಹೆಸರು ಜಾರ್ಜ್ ರೈಟ್ ಇದ್ದಾನಲ್ಲ, ಅವನೂ 1867ರಲ್ಲಿ ಆ ತಂಡದಲ್ಲಿದ್ದ. ದಾಖಲೆಯಲ್ಲಿ ಅವನು ಗುಮಾಸ್ತ. ಕೆಲಸದ ವಿಳಾಸ ಪೆನ್ಸಿಲ್ವೇನಿಯಾ ಅವೆನ್ಯೂ, 238ನೇ ನಂಬರು. ಆ ಜಾಗದಲ್ಲಿ ಕಚೇರಿಯೇ ಇರಲಿಲ್ಲ, ಒಂದು ಪಾರ್ಕು ಇತ್ತು.

ಇದನ್ನು ಓದಿದಾಗ ನನಗೆ ಬೆಂಗಳೂರಿನ ಬ್ಯಾಂಕ್ ಟೀಮುಗಳು, ಕಾರ್ಖಾನೆ ಟೀಮುಗಳು ನೆನಪಾದವು. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಕ್ಕಿದರೆ ಮನೆಯವರು ನಿಟ್ಟುಸಿರು ಬಿಡುತ್ತಿದ್ದರು. ಗುಂಡಪ್ಪ ವಿಶ್ವನಾಥ್ ಸ್ಟೇಟ್ ಬ್ಯಾಂಕಿನ ನೌಕರರು. ಎರಪಳ್ಳಿ ಪ್ರಸನ್ನ 1962ರಲ್ಲಿ ಭಾರತಕ್ಕೆ ಆಡಿದ ಮೇಲೆ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದು ಮುಗಿಸಲು ನಿಂತರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಐದು ವರ್ಷ! ಒಬ್ಬ ಸ್ಪಿನ್ನರ್‌ನ ಜೀವನದಲ್ಲಿ ಅದು ಸಣ್ಣ ಅವಧಿಯಲ್ಲ. ಆಟದಿಂದ ಹೊಟ್ಟೆ ತುಂಬುವುದಿಲ್ಲ ಎಂದು ಅವರ ಪೀಳಿಗೆಗೆ ಖಚಿತವಾಗಿ ಗೊತ್ತಿತ್ತು. ಸಿನ್ಸಿನಾಟಿಯ ಈ ಹತ್ತು ಜನಕ್ಕೆ ಮಾತ್ರ ಮೊದಲ ಸಲ ಬೇರೆ ಥರ ಹೇಳಲಾಯಿತು: ತುಂಬುತ್ತದೆ, ಬನ್ನಿ.

ಹೇಳಿದವನು ಹ್ಯಾರಿ ರೈಟ್. ಅವನ ಹಿನ್ನೆಲೆ ಕೇಳಿದರೆ ನಿಮಗೆ ಖುಷಿಯಾಗುತ್ತದೆ. ಅವನು ಹುಟ್ಟಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, 1835ರಲ್ಲಿ. ತಂದೆ ಸ್ಯಾಮ್ಯುಯೆಲ್ ರೈಟ್ ವೃತ್ತಿಯಿಂದ ಕ್ರಿಕೆಟಿಗ. ನ್ಯೂಯಾರ್ಕಿನ ಸೇಂಟ್ ಜಾರ್ಜ್ ಕ್ರಿಕೆಟ್ ಕ್ಲಬ್ಬಿಗೆ ಸಂಬಳದ ಮೇಲೆ ಬಂದವನು. ಮಗ ಹ್ಯಾರಿ 1865ರಲ್ಲಿ ಸಿನ್ಸಿನಾಟಿಗೆ ಬಂದದ್ದೂ ಕ್ರಿಕೆಟ್ ಕಲಿಸುವುದಕ್ಕೇ, ವರ್ಷಕ್ಕೆ 1,200 ಡಾಲರಿಗೆ. ಆಟಕ್ಕೆ ಸಂಬಳ ತಗೊಳ್ಳುವುದು ಆ ಮನೆಯಲ್ಲಿ ಹೊಸ ವಿಷಯವೇ ಅಲ್ಲ. ಅಪ್ಪ ಮಾಡಿದ ಕೆಲಸ ಅದು. ಬೇಸ್‌ಬಾಲಿನಲ್ಲಿ ಸಂಬಳದ ತಂಡ ಕಟ್ಟುವ ಧೈರ್ಯ ಕ್ರಿಕೆಟ್ ಮನೆಯಿಂದ ಬಂತು ಎಂದು ನಾನು ನಂಬುತ್ತೇನೆ.

ಉಳಿದವರ ಕಸುಬು ಏನಿತ್ತು? ಹ್ಯಾರಿ ಒಡವೆ ಕೆಲಸ ಕಲಿತಿದ್ದ. ಜಾರ್ಜ್ ಲೋಹದ ಮೇಲೆ ಕೆತ್ತನೆ ಮಾಡುವವನು. ಬ್ರೇನಾರ್ಡ್, ವಾಟರ್‌ಮನ್ ಇಬ್ಬರೂ ವಿಮೆ ಕೆಲಸದವರು. ಗೂಲ್ಡ್ ಲೆಕ್ಕ ಬರೆಯುವವನು. ಸ್ವೀಸಿ, ಲಿಯೊನಾರ್ಡ್ ಟೋಪಿ ಮಾಡುವವರು. ಆಲಿಸನ್ ಅಮೃತಶಿಲೆ ಕಡಿಯುವವನು. ಮೆಕ್‌ವೇ ಪಿಯಾನೊ ತಯಾರಿಸುವವನು, ಇನ್ನೂ ಇಪ್ಪತ್ತು ತುಂಬದ ಹುಡುಗ. ಇವರಲ್ಲಿ ಸಿನ್ಸಿನಾಟಿಯ ಮಗ ಅಂದರೆ ಗೂಲ್ಡ್ ಒಬ್ಬನೇ. ಬೇರೆಯವರೆಲ್ಲ ಹೊರಗಿನಿಂದ ಬಂದವರು. ಊರಿನ ತಂಡ ಊರಿನವರದ್ದೇ ಆಗಿರಬೇಕಿಲ್ಲ ಅನ್ನುವುದೂ ಅಲ್ಲೇ ಶುರುವಾಯಿತು ನೋಡಿ. ಆದರೂ ಊರು ಅವರನ್ನು ತಲೆ ಮೇಲೆ ಹೊತ್ತುಕೊಂಡಿತು.

ಆ ವರ್ಷ ಅವರು ಸೋಲಲೇ ಇಲ್ಲ. ಸಂಘದ ಕ್ಲಬ್ಬುಗಳ ವಿರುದ್ಧ 57 ಪಂದ್ಯ, ಎಲ್ಲವನ್ನೂ ಗೆದ್ದರು ಅಂತ ಲೆಕ್ಕ. ಅದೇ 1869ರ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ಪಶ್ಚಿಮ ಸೇರಿಸುವ ರೈಲು ಹಳಿ ಪೂರ್ತಿಯಾಗಿತ್ತು. ಸೆಪ್ಟೆಂಬರಿನಲ್ಲಿ ಇವರು ರೈಲು ಹತ್ತಿ ಸ್ಯಾನ್‌ಫ್ರಾನ್ಸಿಸ್ಕೊವರೆಗೂ ಹೋಗಿ ಆಡಿ ಬಂದರು. ರೈಲಿಲ್ಲದಿದ್ದರೆ ಈ ವೃತ್ತಿ ಹುಟ್ಟುತ್ತಲೇ ಇರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಊರೂರಿಗೆ ಹೋಗಿ ಟಿಕೆಟ್ ಮಾರಿದರೆ ತಾನೇ ಸಂಬಳ? ಆದರೆ ಇಷ್ಟೆಲ್ಲ ಆದ ಮೇಲೆ, ಸಂಬಳ ಮತ್ತು ಖರ್ಚು ಕಳೆದು ಕ್ಲಬ್ಬಿನ ಕೈಯಲ್ಲಿ ಉಳಿದ ಲಾಭ 1 ಡಾಲರ್ 39 ಸೆಂಟ್.

1870ರ ಜೂನ್ 14ರಂದು ಬ್ರೂಕ್ಲಿನ್‌ನ ಅಟ್ಲಾಂಟಿಕ್ಸ್ ತಂಡ ಅವರನ್ನು 11 ಇನ್ನಿಂಗ್ಸ್‌ನಲ್ಲಿ (ಬೇಸ್‌ಬಾಲಿನಲ್ಲಿ ಒಂದು ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು ಇನ್ನಿಂಗ್ಸ್) 8–7ರಿಂದ ಸೋಲಿಸಿತು. ಒಮ್ಮೆ ಸೋತ ಮೇಲೆ ಜನ ಬರುವುದು ಕಡಿಮೆಯಾಯಿತು. ವರ್ಷದ ಕೊನೆಗೆ ಕ್ಲಬ್ಬು, ಇನ್ನು ಸಂಬಳದ ತಂಡ ನಮ್ಮಿಂದ ಆಗದು ಎಂದು ಕೈ ಎತ್ತಿತು. ತಂಡ ಎರಡು ಹೋಳಾಯಿತು. ರೈಟ್ ಸೋದರರು, ಗೂಲ್ಡ್, ಮೆಕ್‌ವೇ ಬಾಸ್ಟನ್‌ಗೆ ಹೋದರು. ಕೆಂಪು ಕಾಲುಚೀಲದ ಹೆಸರನ್ನೂ ಜೊತೆಗೇ ಒಯ್ದರು. ಬ್ರೇನಾರ್ಡ್, ವಾಟರ್‌ಮನ್, ಸ್ವೀಸಿ, ಆಲಿಸನ್, ಲಿಯೊನಾರ್ಡ್ ವಾಷಿಂಗ್ಟನ್ನಿನ ಒಲಿಂಪಿಕ್ಸ್ ತಂಡ ಸೇರಿದರು.

1871ರ ಮಾರ್ಚ್ 17ರಂದು ನ್ಯೂಯಾರ್ಕಿನಲ್ಲಿ ವೃತ್ತಿಪರ ಆಟಗಾರರ ಸಂಘ ಹುಟ್ಟಿತು. ಸೇರುವುದಕ್ಕೆ 10 ಡಾಲರ್ ಶುಲ್ಕ. ಗಮನಿಸಿ, ಹೆಸರಿನಲ್ಲೇ ಆಟಗಾರರ ಸಂಘ. ಐದು ವರ್ಷ ನಡೆಯಿತು. ಆ ಐದು ವರ್ಷ ಆಟಗಾರನಿಗೆ ಒಂದು ಸ್ವಾತಂತ್ರ್ಯ ಇತ್ತು. ಒಪ್ಪಂದ ಮುಗಿದರೆ ಬೇರೆ ಕಡೆ ಹೋಗಬಹುದು. ಕೆಲವರು ಒಪ್ಪಂದ ಮುಗಿಯುವ ಮೊದಲೇ ಹೋಗುತ್ತಿದ್ದರು, ಅದು ತಪ್ಪೇ. ಆದರೂ ಸಂಬಳ ಏರಿದ್ದು ಹಾಗೆ. ಹ್ಯಾರಿಯ ಬಾಸ್ಟನ್ ತಂಡ 1872ರಿಂದ 1875ರವರೆಗೆ ನಾಲ್ಕು ವರ್ಷವೂ ಗೆದ್ದಿತು.

1876ರ ಫೆಬ್ರವರಿ 2ರಂದು ಪರಿಸ್ಥಿತಿ ಬದಲಾಯಿತು. ಷಿಕಾಗೊದ ವಿಲಿಯಂ ಹಲ್ಬರ್ಟ್ ಮುಂದೆ ನಿಂತು ನ್ಯಾಷನಲ್ ಲೀಗ್ ಕಟ್ಟಿದ. ಇದು ಕ್ಲಬ್ಬುಗಳ ಲೀಗು. ಆಟಗಾರ ಇನ್ನು ಮುಂದೆ ನೌಕರ. ಶಿಸ್ತು ಬಂತು, ವೇಳಾಪಟ್ಟಿ ಬಂತು, ಜೂಜುಕೋರರ ಮೇಲೆ ಕಣ್ಣು ಬಿತ್ತು. ಇವೆಲ್ಲ ಬೇಕಾಗಿದ್ದವು, ಇಲ್ಲ ಅನ್ನುವುದಿಲ್ಲ.

ಆದರೆ ಜಿಮ್ ಡೆವ್ಲಿನ್ ಕಥೆ ಕೇಳಿ. ಲೂಯಿವಿಲ್ ತಂಡದ ಪಿಚರ್. 1877ರಲ್ಲಿ ದುಡ್ಡು ತಗೊಂಡು ಪಂದ್ಯ ಬಿಟ್ಟುಕೊಟ್ಟ ಎಂದು ಅವನನ್ನು, ಜೊತೆಗೆ ಇನ್ನೂ ಮೂವರನ್ನು ಜೀವನಪೂರ್ತಿ ಹೊರಗಿಟ್ಟರು. ತಪ್ಪು ಮಾಡಿದ್ದ, ಒಪ್ಪಿಕೊಂಡ. ಅವನಿಗೆ ಬೇರೆ ಕೆಲಸ ಇರಲಿಲ್ಲ. 1878ರ ಫೆಬ್ರವರಿಯಲ್ಲಿ ಅವನು ಹ್ಯಾರಿ ರೈಟ್‌ಗೆ ಒಂದು ಕಾಗದ ಬರೆದ. ಕಾಗುಣಿತ ತಪ್ಪು ತಪ್ಪಾಗಿದೆ. ಹೆಂಡತಿ ಮಗುವಿಗೆ ಬಟ್ಟೆಯಿಲ್ಲ, ಮೈದಾನ ನೋಡಿಕೊಳ್ಳುವ ಕೆಲಸವಾದರೂ ಕೊಡಿಸು ಎಂದು ಬೇಡಿಕೊಂಡಿದ್ದಾನೆ. ಲೀಗು ಅವನನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಆಮೇಲೆ ಅವನು ಫಿಲಡೆಲ್ಫಿಯಾದಲ್ಲಿ ಪೊಲೀಸ್ ಆದ. 1883ರಲ್ಲಿ ಕ್ಷಯ ಬಂದು ಸತ್ತಾಗ ವಯಸ್ಸು 34. ಆ ಕಾಗದದ ಬಗ್ಗೆ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವನು ಮಾಡಿದ್ದು ಸರಿ ಅಂತ ಅಲ್ಲ. ಒಂದೇ ಕೆಲಸ ಗೊತ್ತಿದ್ದ ಮನುಷ್ಯನಿಗೆ ಆ ಕೆಲಸದ ಬಾಗಿಲು ಮುಚ್ಚಿದರೆ ಉಳಿಯುವುದೇನು ಅನ್ನುವುದು ಆ ಕಾಗದದಲ್ಲಿ ಕಾಣುತ್ತದೆ.

ಈಗ ನನ್ನ ಮಾತಿನ ಮುಖ್ಯ ಜಾಗಕ್ಕೆ ಬಂದೆ. 1879ರ ಸೆಪ್ಟೆಂಬರ್. ಲೀಗಿನ ಮಾಲೀಕರು ತಮ್ಮ ತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡರು. ಪ್ರತಿ ಕ್ಲಬ್ಬು ಐದು ಆಟಗಾರರ ಹೆಸರನ್ನು ಕಾದಿರಿಸಬಹುದು. ಆ ಐವರನ್ನು ಬೇರೆ ಯಾವ ಕ್ಲಬ್ಬೂ ಕರೆಯುವಂತಿಲ್ಲ. ಇದೇ ರಿಸರ್ವ್ ನಿಯಮ. ಮುಂದೆ ಐದು ಹನ್ನೊಂದಾಯಿತು, ನಂತರ ಹೆಚ್ಚು ಕಡಿಮೆ ಇಡೀ ತಂಡವೇ ಆಯಿತು. ಐಪಿಎಲ್‌ನಲ್ಲಿ ಆಟಗಾರರನ್ನು ಉಳಿಸಿಕೊಳ್ಳುತ್ತಾರಲ್ಲ, ಹಾಗೆ ಅಂದುಕೊಳ್ಳಬೇಡಿ. ಅಲ್ಲಿ ಮತ್ತೆ ಹರಾಜು ಬರುತ್ತದೆ. ಇಲ್ಲಿ ಕೊನೆಯೇ ಇಲ್ಲ. ಕ್ಲಬ್ಬು ಬಿಡುವವರೆಗೆ, ಇಲ್ಲ ಮಾರುವವರೆಗೆ, ಅವನು ಅವರವನೇ. ಈ ನಿಯಮದ ಹಿಡಿತ ಕಳಚಿದ್ದು 1975ರಲ್ಲಿ.

ಈ ನಿಯಮ ಬಂದ ಮೊದಲ ವರ್ಷವೇ ಯಾರಿಗೆ ತಗುಲಿತು ಗೊತ್ತಾ? ನಮ್ಮ ಜಾರ್ಜ್ ರೈಟ್‌ಗೆ. 1879ರಲ್ಲಿ ಅವನು ಪ್ರಾವಿಡೆನ್ಸ್ ತಂಡದ ಮ್ಯಾನೇಜರ್ ಆಗಿ, ಆಟಗಾರನೂ ಆಗಿ ಲೀಗು ಗೆಲ್ಲಿಸಿಕೊಟ್ಟಿದ್ದ. ಮರುವರ್ಷಕ್ಕೆ ಪ್ರಾವಿಡೆನ್ಸ್ ಅವನನ್ನು ಕಾದಿರಿಸಿತು. ಜಾರ್ಜ್ ಅಲ್ಲಿಗೆ ಹೋಗಲಿಲ್ಲ. 1880ರಲ್ಲಿ ಅವನು ಆಡಿದ್ದು ಬಾಸ್ಟನ್ ಪರವಾಗಿ ಒಂದೇ ಒಂದು ಪಂದ್ಯ.

ಅವನು ಹೇಗೆ ಸುಮ್ನೆ ಮನೆಯಲ್ಲಿ ಕೂರಲು ಸಾಧ್ಯವಾಯಿತು? ಅವನಿಗೆ ಅಂಗಡಿ ಇತ್ತು. ಬಾಸ್ಟನ್‌ಗೆ ಬಂದ ಹೊಸದರಲ್ಲೇ ಆಟದ ಸಾಮಾನಿನ ಅಂಗಡಿ ತೆರೆದಿದ್ದ. ಆಮೇಲೆ ಹೆನ್ರಿ ಡಿಟ್ಸನ್ ಜೊತೆ ಸೇರಿ ಅದು ರೈಟ್ ಅಂಡ್ ಡಿಟ್ಸನ್ ಆಯಿತು. ಬ್ಯಾಟು, ಚೆಂಡು, ಟೆನಿಸ್ ರಾಕೆಟ್ಟು ಎಲ್ಲ ಮಾರುವ ದೊಡ್ಡ ಕಂಪನಿ. ‘ಇಲ್ಲ’ ಅನ್ನುವ ಶಕ್ತಿ ಅವನಿಗೆ ಬ್ಯಾಟಿನಿಂದ ಬರಲಿಲ್ಲ, ಗಲ್ಲಾಪೆಟ್ಟಿಗೆಯಿಂದ ಬಂತು. ಈ ಕಾಲದ ಆಟಗಾರರ ಬದುಕನ್ನು ಓದುತ್ತಾ ಹೋದ ಹಾಗೆ ನನಗೆ ಇದೇ ಮತ್ತೆ ಮತ್ತೆ ಕಂಡಿದೆ. ಯಾರು ಎಷ್ಟು ಚೆನ್ನಾಗಿ ಆಡಿದರು ಅನ್ನುವುದಕ್ಕಿಂತ, ಇನ್ನೊಂದು ಕೈಯಲ್ಲಿ ಏನಿತ್ತು ಅನ್ನುವುದೇ ಅವರ ದಾರಿಯನ್ನು ತೀರ್ಮಾನಿಸಿತು.

ಆಟದ ಸಾಮಾನಿನ ಅಂಗಡಿ ಅಂದೆನಲ್ಲ, ಅದು ಜಾರ್ಜ್ ಒಬ್ಬನ ದಾರಿಯಲ್ಲ. ಆಲ್ ರೀಚ್ ಎಂಬುವನು 1865ರಲ್ಲೇ ಸಂಬಳಕ್ಕಾಗಿ ಬ್ರೂಕ್ಲಿನ್ ಬಿಟ್ಟು ಫಿಲಡೆಲ್ಫಿಯಾಗೆ ಹೋದವನು. ಅವನೂ ಆಟದ ಸಾಮಾನಿನ ಕಂಪನಿ ಕಟ್ಟಿದ, ಫಿಲಡೆಲ್ಫಿಯಾ ತಂಡದ ಮಾಲೀಕರಲ್ಲಿ ಒಬ್ಬನಾದ. ಇನ್ನು ಆಲ್ಬರ್ಟ್ ಸ್ಪಾಲ್ಡಿಂಗ್ ಹೆಸರು ಚೆಂಡಿನ ಮೇಲೆ ಈಗಲೂ ಇದೆ. ಇಲಿನಾಯ್‌ನ ರಾಕ್‌ಫರ್ಡ್‌ನಲ್ಲಿ ದಿನಸಿ ಅಂಗಡಿಯ ಗುಮಾಸ್ತನಾಗಿದ್ದ ಹುಡುಗ ಹ್ಯಾರಿಯ ಬಾಸ್ಟನ್ ತಂಡದಲ್ಲಿ ಪಿಚರ್ ಆದ. 1876ರಲ್ಲಿ ಅಮ್ಮ ಕೊಟ್ಟ 800 ಡಾಲರಿನಲ್ಲಿ ತಮ್ಮನ ಜೊತೆ ಷಿಕಾಗೊದಲ್ಲಿ ಅಂಗಡಿ ಹಾಕಿದ. ಮುಂದೆ ಷಿಕಾಗೊ ತಂಡದ ಒಡೆಯನೂ ಆದ. ಅವನು ಗ್ಲೌಸ್ ಹಾಕಿ ಮೈದಾನಕ್ಕೆ ಇಳಿದ. ಗ್ಲೌಸ್ ಹಾಕುವುದು ನಾಚಿಕೆ ಅಲ್ಲ ಎಂದು ಜನಕ್ಕೆ ಗೊತ್ತಾಯಿತು. ಅಂಗಡಿಯಲ್ಲಿ ಗ್ಲೌಸ್ ಮಾರಾಟಕ್ಕೂ ಇತ್ತು. ಮೈದಾನದಿಂದ ಮಾಲೀಕರ ಕೋಣೆಗೆ ಹೋದ ಇಂಥವರು ಬೆರಳೆಣಿಕೆಯಷ್ಟು.

ಗ್ಲೌಸ್ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮ ಪಟ್ಟಿಯ ಡಗ್ ಆಲಿಸನ್ ಕ್ಯಾಚರ್. 1870ರಲ್ಲಿ ಅವನ ಕೈ ಎಷ್ಟು ಹುಣ್ಣಾಗಿತ್ತು ಅಂದರೆ ಜಿಂಕೆ ಚರ್ಮದ ಕೈಗವಸು ಹಾಕಿಕೊಂಡು ಆಡಿದ. ಅದು ಪತ್ರಿಕೆಯಲ್ಲಿ ಸುದ್ದಿಯಾಯಿತು. ಕ್ಯಾಚರ್‌ಗಳ ಬೆರಳು ಗಂಟುಗಂಟಾಗುತ್ತಿದ್ದವು. ಪಿಚರ್‌ಗಳ ತೋಳು ಇನ್ನೂ ಬೇಗ ಹೋಗುತ್ತಿತ್ತು. 1884ರಲ್ಲಿ ಪ್ರಾವಿಡೆನ್ಸಿನ ಚಾರ್ಲ್ಸ್ ರ‍್ಯಾಡ್‌ಬೋರ್ನ್ ಒಂದೇ ಋತುವಿನಲ್ಲಿ 678 ಇನ್ನಿಂಗ್ಸ್ ಚೆಂಡು ಎಸೆದ. 59 ಪಂದ್ಯ ಗೆದ್ದ, ಕೆಲವರ ಲೆಕ್ಕದಲ್ಲಿ 60. ತಂಡದ ಇನ್ನೊಬ್ಬ ಪಿಚರ್ ಮಧ್ಯದಲ್ಲೇ ಬಿಟ್ಟುಹೋದ ಮೇಲೆ ಹೆಚ್ಚುಕಡಿಮೆ ದಿನಾ ಅವನೇ. ಬೆಳಿಗ್ಗೆ ಎದ್ದಾಗ ತಲೆ ಬಾಚಿಕೊಳ್ಳಲು ಕೈ ಎತ್ತಲಾಗುತ್ತಿರಲಿಲ್ಲ ಅಂತ ಹೇಳುತ್ತಾರೆ. ಮೊದಲು ಅವನು ಕಸಾಯಿ ಕೆಲಸ ಮಾಡಿದ್ದವನು. ಆಟ ಬಿಟ್ಟ ಮೇಲೆ ಇಲಿನಾಯ್‌ನ ಬ್ಲೂಮಿಂಗ್ಟನ್‌ನಲ್ಲಿ ಬಾರ್ ನಡೆಸಿದ. ಬೇಟೆಯಲ್ಲಿ ಗುಂಡು ತಗುಲಿ ಒಂದು ಕಣ್ಣು ಹೋಯಿತು. ಮುಖ ತೋರಿಸಲು ಹಿಂಜರಿದು ಒಳಗೇ ಕೂರುತ್ತಿದ್ದ. 1897ರಲ್ಲಿ, 42ಕ್ಕೆ ತೀರಿಕೊಂಡ.

ಬಾರ್ ಇಡುವುದು ಆಗ ತುಂಬಾ ಜನ ಹಿಡಿದ ದಾರಿ. ಆಟಗಾರನ ಹೆಸರಿದ್ದರೆ ಗಿರಾಕಿ ಬರುತ್ತಾನೆ. ಆದರೆ ಕುಡಿತವೂ ಅಲ್ಲೇ ಹತ್ತಿಕೊಳ್ಳುತ್ತದೆ, ಸಾಲವೂ ಅಲ್ಲೇ ಬೆಳೆಯುತ್ತದೆ. 300 ಪಂದ್ಯ ಗೆದ್ದ ಮೊದಲ ಪಿಚರ್ ಪಡ್ ಗ್ಯಾಲ್ವಿನ್ ಪಿಟ್ಸ್‌ಬರ್ಗ್‌ನಲ್ಲಿ ಬಾರ್ ಹಾಕಿ ಕೈಸುಟ್ಟುಕೊಂಡ, 1902ರಲ್ಲಿ ಬಡತನದಲ್ಲೇ ಸತ್ತ. ಇನ್ನು ಕೆಲವರು ಅಂಪೈರ್ ಆದರು. ಬಾಬ್ ಎಮ್ಸ್ಲಿ ಎಸೆದೂ ಎಸೆದೂ ತೋಳಿನ ಶಕ್ತಿ ಕಳೆದುಕೊಂಡ ಪಿಚರ್. ಅಂಪೈರ್ ಆಗಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದ. ತಿರುವು ಚೆಂಡು ಕಂಡುಹಿಡಿದವನು ಎಂದು ಹೆಸರಾದ ಕ್ಯಾಂಡಿ ಕಮಿಂಗ್ಸ್ ಮ್ಯಾಸಚೂಸೆಟ್ಸ್‌ನ ಅಥೊಲ್ ಎಂಬ ಸಣ್ಣ ಊರಿನಲ್ಲಿ ಬಣ್ಣ ಮತ್ತು ಗೋಡೆ ಕಾಗದದ ಅಂಗಡಿ ಇಟ್ಟುಕೊಂಡು ನೆಮ್ಮದಿಯಾಗಿ ಬಾಳಿದ.

ಈ ಕಾಲದವರಲ್ಲಿ ನನಗೆ ಅತ್ಯಂತ ಇಷ್ಟವಾದವನು ಜಾನ್ ಮಾಂಟ್‌ಗೊಮೆರಿ ವಾರ್ಡ್. 1880ರಲ್ಲಿ, ಇಪ್ಪತ್ತರ ವಯಸ್ಸಿಗೆ, ಎದುರಾಳಿಗಳಲ್ಲಿ ಒಬ್ಬನೂ ಬೇಸ್ ಮುಟ್ಟದಂಥ ಪಂದ್ಯವನ್ನು ಎಸೆದ ಪಿಚರ್. ತೋಳು ಕೆಟ್ಟಿತು. ಅವನು ಆಟ ಬಿಡಲಿಲ್ಲ, ಜಾಗ ಬದಲಿಸಿದ. ಕೊನೆಗೆ ಶಾರ್ಟ್‌ಸ್ಟಾಪ್ ಆದ, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಂತು ಚೆಂಡು ತಡೆಯುವವನು. ಜೊತೆಜೊತೆಗೆ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಕಾನೂನು ಓದಿ 1885ರಲ್ಲಿ ಪದವಿ ಪಡೆದ. ಅದೇ ವರ್ಷ ಆಟಗಾರರ ಸಂಘಟನೆ ಕಟ್ಟಿದ. ರಿಸರ್ವ್ ನಿಯಮವನ್ನು ಗುಲಾಮಗಿರಿಗೆ ಹೋಲಿಸಿ ಬರೆದ. 1887ರಲ್ಲಿ ಷಿಕಾಗೊ ತಂಡ ಮೈಕ್ ಕೆಲ್ಲಿಯನ್ನು ಬಾಸ್ಟನ್‌ಗೆ 10,000 ಡಾಲರಿಗೆ ಮಾರಿತು. ಆಟಗಾರನ ಸಂಬಳಕ್ಕೆ 2,000 ಡಾಲರಿನ ಮಿತಿ ಇತ್ತು. ಅದಕ್ಕೇ ಬಾಸ್ಟನ್ ಕೆಲ್ಲಿಗೆ ಸಂಬಳ ಅಂತ 2,000 ಕೊಟ್ಟು, ಅವನ ಫೋಟೊ ಬಳಸಿಕೊಳ್ಳುತ್ತೇವೆ ಅಂತ ಹೇಳಿ ಇನ್ನೂ 3,000 ಕೊಟ್ಟಿತು. ಡೀಕನ್ ವೈಟ್ ಎಂಬ ಹಿರಿಯ ಆಟಗಾರ, ನನ್ನ ಮೈಯನ್ನು ಮಾರುವುದಾದರೆ ಅರ್ಧ ದುಡ್ಡು ನನಗೆ ಬರಬೇಕು ಅಂದದ್ದು ಇಂಥ ಮಾರಾಟದ ಸಮಯದಲ್ಲೇ.

1888ರ ಕೊನೆಗೆ ಸ್ಪಾಲ್ಡಿಂಗ್ ಎರಡು ತಂಡಗಳನ್ನು ಕಟ್ಟಿಕೊಂಡು ಪ್ರಪಂಚ ಸುತ್ತಲು ಹೊರಟ. ಹವಾಯಿ, ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಆಮೇಲೆ ನಮ್ಮ ಪಕ್ಕದ ಕೊಲಂಬೊ. 1889ರ ಜನವರಿಯಲ್ಲಿ ಕೊಲಂಬೊದಲ್ಲಿ ಬೇಸ್‌ಬಾಲ್ ಪಂದ್ಯ ನಡೆಯಿತು ಅಂದರೆ ಈಗ ನಂಬುವುದು ಕಷ್ಟ, ಅಲ್ವಾ? ಅಲ್ಲಿಂದ ಈಜಿಪ್ಟಿಗೆ ಹೋಗಿ ಪಿರಮಿಡ್ಡಿನ ಎದುರು ಆಡಿದರು. ವಾರ್ಡ್ ಒಂದು ತಂಡದ ನಾಯಕನಾಗಿ ಈ ಪ್ರವಾಸದಲ್ಲಿದ್ದ. ಅವನು ದೂರದಲ್ಲಿದ್ದಾಗಲೇ ಊರಲ್ಲಿ ಮಾಲೀಕರು ಹೊಸ ನಿಯಮ ತಂದರು. ಆಟಗಾರರನ್ನು ಎ ಇಂದ ಇ ವರೆಗೆ ಐದು ದರ್ಜೆ ಮಾಡಿ, 2,500 ಡಾಲರಿನಿಂದ 1,500ರವರೆಗೆ ಸಂಬಳ ಕಟ್ಟಿಹಾಕಿದರು. ದರ್ಜೆಗೆ ಆಟ ಮಾತ್ರ ಅಲ್ಲ, ನಡತೆಯೂ ಲೆಕ್ಕ.

ವಾರ್ಡ್ ವಾಪಸ್ ಬಂದ. 1890ರಲ್ಲಿ ಆಟಗಾರರೇ ತಮ್ಮದೊಂದು ಲೀಗು ಶುರು ಮಾಡಿದರು. ಹೆಸರಾಂತ ಆಟಗಾರರಲ್ಲಿ ಬಹುಪಾಲು ಅಲ್ಲಿಗೆ ಹೋದರು. ಜನ ಬಂದರು, ಆಟವೂ ಚೆನ್ನಾಗಿತ್ತು. ಆದರೆ ದುಡ್ಡು ಹಾಕಿದವರು ನಷ್ಟಕ್ಕೆ ಹೆದರಿ ಸ್ಪಾಲ್ಡಿಂಗ್ ಮತ್ತವನ ಕಡೆಯವರ ಜೊತೆ ರಾಜಿಯಾದರು. ಒಂದೇ ವರ್ಷಕ್ಕೆ ಮುಗಿಯಿತು. ಆಟಗಾರರು ಮತ್ತೆ ಹಳೆ ಕ್ಲಬ್ಬುಗಳ ಬಾಗಿಲಿಗೆ ಹೋದರು. ವಾರ್ಡ್‌ಗೆ ಕಾನೂನು ಪದವಿ ಇತ್ತು. 1894ರಲ್ಲಿ ಆಟ ಬಿಟ್ಟು ವಕೀಲನಾದ, ಚೆನ್ನಾಗಿ ಬದುಕಿದ. ಅವನನ್ನು ನಂಬಿ ಬಂದವರಲ್ಲಿ ಹೆಚ್ಚಿನವರಿಗೆ ಇನ್ನೊಂದು ಕೈ ಖಾಲಿ.

ಕೆಲವರಿಗೆ ಈ ದಾರಿಯನ್ನೇ ಮುಚ್ಚಲಾಯಿತು. ಬಡ್ ಫೌಲರ್ ಕಪ್ಪು ಜನಾಂಗದವನು. ಬೆಳೆದದ್ದು ಕೂಪರ್ಸ್‌ಟೌನ್‌ನಲ್ಲಿ, ಇವತ್ತು ಬೇಸ್‌ಬಾಲಿನ ಹಾಲ್ ಆಫ್ ಫೇಮ್ ಇರುವ ಅದೇ ಊರಲ್ಲಿ. 1878ರಿಂದ ಬಿಳಿಯರ ತಂಡಗಳಲ್ಲಿ ಸಂಬಳಕ್ಕೆ ಆಡಿದ. ಎಲ್ಲೂ ಜಾಸ್ತಿ ದಿನ ನಿಲ್ಲಲು ಬಿಡಲಿಲ್ಲ. ಆಟ ಚೆನ್ನಾಗಿಲ್ಲ ಅಂತ ಅಲ್ಲ, ಜೊತೆಗಾರರು ಇವನ ಜೊತೆ ಆಡುವುದಿಲ್ಲ ಅಂತ. ಅವನ ಇನ್ನೊಂದು ಕಸುಬು ಕ್ಷೌರ. ಊರಿಂದ ಊರಿಗೆ ಹೋಗುವಾಗ ಅದೇ ಕೈ ಹಿಡಿದದ್ದು. 1894ರ ಹೊತ್ತಿಗೆ ಮಿಷಿಗನ್‌ನ ಏಡ್ರಿಯನ್‌ನಲ್ಲಿ ಪೇಜ್ ಫೆನ್ಸ್ ಜೈಂಟ್ಸ್ ಎಂಬ ಕಪ್ಪು ಆಟಗಾರರ ತಂಡ ಕಟ್ಟಿದ. ತಮ್ಮದೇ ರೈಲು ಬೋಗಿಯಲ್ಲಿ ಬಂದು, ಪಂದ್ಯಕ್ಕೆ ಮೊದಲು ಸೈಕಲ್ಲಿನಲ್ಲಿ ಊರು ಸುತ್ತಿ ಜನ ಸೇರಿಸುತ್ತಿದ್ದರು.

ಓಬರ್ಲಿನ್ ಕಾಲೇಜಿನಲ್ಲಿ ಓದಿದ ಮೋಸೆಸ್ ಫ್ಲೀಟ್‌ವುಡ್ ವಾಕರ್ 1884ರಲ್ಲಿ ಟೊಲಿಡೊ ತಂಡದ ಕ್ಯಾಚರ್. ಆ ತಂಡದ ಪಿಚರ್ ಟೋನಿ ಮುಲೇನ್ ಎಷ್ಟೋ ವರ್ಷ ಆದ ಮೇಲೆ ಒಪ್ಪಿಕೊಂಡ: ವಾಕರ್‌ನಷ್ಟು ಒಳ್ಳೆಯ ಕ್ಯಾಚರ್ ತನಗೆ ಸಿಗಲಿಲ್ಲ, ಆದರೆ ಅವನು ಕಪ್ಪು ಅನ್ನುವ ಕಾರಣಕ್ಕೆ ಯಾವ ಚೆಂಡು ಎಸೆಯಬೇಕು ಎಂದು ಅವನು ಮಾಡುವ ಸನ್ನೆ ನೋಡದೆ ಮನಸ್ಸಿಗೆ ಬಂದ ಹಾಗೆ ಎಸೆಯುತ್ತಿದ್ದೆ ಅಂತ. ಯೋಚಿಸಿ. ಎದುರಿನಿಂದ ಯಾವ ಚೆಂಡು ಬರುತ್ತದೆ ಗೊತ್ತಿಲ್ಲ. ಹಿಡಿಯಬೇಕು. 1887ರಲ್ಲಿ ಇಂಟರ್‌ನ್ಯಾಷನಲ್ ಲೀಗು, ಇನ್ನು ಮುಂದೆ ಕಪ್ಪು ಆಟಗಾರರ ಜೊತೆ ಹೊಸ ಒಪ್ಪಂದ ಬೇಡ ಎಂದು ತೀರ್ಮಾನಿಸಿತು. ಷಿಕಾಗೊ ತಂಡದ ಕ್ಯಾಪ್ ಆನ್ಸನ್‌ನಂಥ ದೊಡ್ಡ ಆಟಗಾರ ಈ ಅನ್ಯಾಯದ ಮುಂಚೂಣಿಯಲ್ಲಿದ್ದ. ಅವನ ಆಟದ ಅಂಕಿಅಂಶ ಓದುವಾಗ ಇದನ್ನೂ ಜೊತೆಗೇ ಓದಬೇಕು. ವಾಕರ್ 1889ರವರೆಗೆ ಸಿರಾಕ್ಯೂಸ್‌ನಲ್ಲಿ ಆಡಿದ. ಆಮೇಲೆ ಓಹಾಯೊದ ಕೇಡಿಜ್ ಎಂಬ ಊರಿನಲ್ಲಿ ನಾಟಕ, ಸಿನಿಮಾ ತೋರಿಸುವ ಥಿಯೇಟರ್ ನಡೆಸಿದ. ಫೌಲರ್ 1913ರಲ್ಲಿ ಬಡತನದಲ್ಲಿ ತೀರಿಕೊಂಡ. ಸಮಾಧಿಗೆ ಕಲ್ಲು ಇಟ್ಟದ್ದು 1987ರಲ್ಲಿ. ತಾನು ಬೆಳೆದ ಊರಿನ ಹಾಲ್ ಆಫ್ ಫೇಮ್‌ಗೆ ಅವನು ಸೇರಿದ್ದು 2022ರಲ್ಲಿ.

ಈಗ ಮತ್ತೆ ನಮ್ಮ ಪಟ್ಟಿಗೆ ಬರೋಣ. ಪಿಚರ್ ಬ್ರೇನಾರ್ಡ್ ಡೆನ್ವರ್‌ನಲ್ಲಿ ಬಿಲಿಯರ್ಡ್ಸ್ ಹಾಲ್ ನೋಡಿಕೊಳ್ಳುತ್ತಿದ್ದ, 1888ರಲ್ಲಿ ನ್ಯುಮೋನಿಯಾ ಬಂದು ಸತ್ತ. 1,000 ಡಾಲರಿನ ವಾಟರ್‌ಮನ್ ಸಿನ್ಸಿನಾಟಿಯಲ್ಲೇ 1899ರಲ್ಲಿ ಕೈಯಲ್ಲಿ ಕಾಸಿಲ್ಲದೆ ಸತ್ತ. ಟೋಪಿ ಮಾಡುತ್ತಿದ್ದ ಸ್ವೀಸಿ ನ್ಯೂವಾರ್ಕ್‌ನಲ್ಲಿ ಸಿಂಪಿ ಮಾರಿಕೊಂಡು ಬದುಕಿದ. ಗೂಲ್ಡ್ ಪೊಲೀಸ್ ಕೆಲಸ ಮಾಡಿದ, ರೈಲಿನಲ್ಲಿ ಕಂಡಕ್ಟರ್ ಆಗಿದ್ದ. ಆಲಿಸನ್ ವಾಷಿಂಗ್ಟನ್ನಿನ ಅಂಚೆ ಇಲಾಖೆಯಲ್ಲಿ ಕೆಲಸ ಹಿಡಿದ. 1916ರಲ್ಲಿ, 70ರ ವಯಸ್ಸಿನಲ್ಲಿ, ಕೆಲಸಕ್ಕೆ ಹೋಗುತ್ತಿದ್ದಾಗ ದಾರಿಯಲ್ಲೇ ಕುಸಿದ. ಹ್ಯಾರಿ ರೈಟ್ ಮಾತ್ರ ಕೊನೆಯವರೆಗೂ ಬೇಸ್‌ಬಾಲಿನಲ್ಲೇ ಉಳಿದ. 1893ರವರೆಗೆ ಫಿಲಡೆಲ್ಫಿಯಾ ತಂಡದ ಮ್ಯಾನೇಜರ್, ಆಮೇಲೆ ಲೀಗಿನ ಅಂಪೈರ್‌ಗಳ ಮುಖ್ಯಸ್ಥ. 1895ರಲ್ಲಿ ತೀರಿಕೊಂಡ.

ಪಿಯಾನೊ ಮಾಡುತ್ತಿದ್ದ ಹುಡುಗ ಮೆಕ್‌ವೇ ಕ್ಯಾಲಿಫೋರ್ನಿಯಾಗೆ ಹೋಗಿ ನೆಲೆಸಿದ. 1906ರ ಸ್ಯಾನ್‌ಫ್ರಾನ್ಸಿಸ್ಕೊ ಭೂಕಂಪ ಅವನ ಮನೆಯನ್ನು ನುಂಗಿತು. ಅರವತ್ತು ದಾಟಿದ ಮೇಲೆ ನೆವಾಡಾದ ಗಣಿಯಲ್ಲಿ ಕೆಲಸಕ್ಕೆ ಹೋಗಿ ಬಿದ್ದು ಪೆಟ್ಟು ಮಾಡಿಕೊಂಡ. ರಾತ್ರಿ ಕಾವಲುಗಾರನ ಕೆಲಸವನ್ನೂ ಮಾಡಿದ.

1919ಕ್ಕೆ ರೆಡ್ ಸ್ಟಾಕಿಂಗ್ಸ್‌ಗೆ ಐವತ್ತು ವರ್ಷ. ಅದೇ ವರ್ಷ ಸಿನ್ಸಿನಾಟಿಯ ತಂಡ ವರ್ಲ್ಡ್ ಸೀರೀಸ್‌ಗೆ, ಅಂದರೆ ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಸರಣಿಗೆ, ಬಂತು, ಎದುರಾಳಿ ಷಿಕಾಗೊ ವೈಟ್ ಸಾಕ್ಸ್. ಊರಿನವರು ಹಳೆಯ ಆಟಗಾರರನ್ನು ಮರೆಯಲಿಲ್ಲ. ಬಾಸ್ಟನ್‌ನಿಂದ ಜಾರ್ಜ್ ರೈಟ್ ಬಂದ, ಪಶ್ಚಿಮದಿಂದ ಮೆಕ್‌ವೇ ಬಂದ. 1,400 ಡಾಲರಿನವನು, 800 ಡಾಲರಿನವನು. ಒಬ್ಬ ದೊಡ್ಡ ಕಂಪನಿ ಕಟ್ಟಿದವನು, ಮಗ ಬೀಲ್ಸ್ ರೈಟ್ 1905ರಲ್ಲಿ ಅಮೆರಿಕದ ಟೆನಿಸ್ ಚಾಂಪಿಯನ್. ಇನ್ನೊಬ್ಬ ಕಾವಲುಗಾರ. ಇಬ್ಬರನ್ನೂ ಒಂದೇ ಮರ್ಯಾದೆಯಿಂದ ಕರೆದು ಕೂರಿಸಿದರು.

ಅವರು ನೋಡಲು ಬಂದ ಆ ಸರಣಿಯನ್ನೇ ಷಿಕಾಗೊದ ಕೆಲವು ಆಟಗಾರರು ಜೂಜುಕೋರರಿಗೆ ಮಾರಿಕೊಂಡಿದ್ದರು. ಮೊದಲ ಪಂದ್ಯದಲ್ಲಿ ಪಿಚರ್ ಎಡ್ಡಿ ಸಿಕಾಟ್ ಸಿನ್ಸಿನಾಟಿಯ ಮೊದಲ ಬ್ಯಾಟರ್‌ನ ಮೈಗೆ ಚೆಂಡು ಹೊಡೆದ. ಸೋಲಲು ಒಪ್ಪಿದ್ದೇವೆ ಎಂದು ಜೂಜುಕೋರರಿಗೆ ಅದೇ ಸನ್ನೆ. ಮುಂದೆ ಎಂಟು ಆಟಗಾರರನ್ನು ಡೆವ್ಲಿನ್ ಹಾಗೇ ಜೀವನಪೂರ್ತಿ ಹೊರಗಿಟ್ಟರು. ಅವರೂ ರಿಸರ್ವ್ ನಿಯಮದ ಕೆಳಗೆ, ಮಾಲೀಕ ಕೊಟ್ಟಷ್ಟಕ್ಕೆ ಆಡುತ್ತಿದ್ದವರೇ. ಅಕ್ಟೋಬರಿನಲ್ಲಿ ಆ ಇಬ್ಬರು ಮುದುಕರಿಗೆ ಇದೊಂದೂ ಗೊತ್ತಿರಲಿಲ್ಲ. ಸಿನ್ಸಿನಾಟಿ ಗೆದ್ದಿತು. ಮೆಕ್‌ವೇ ರೈಲು ಹತ್ತಿ ಕ್ಯಾಲಿಫೋರ್ನಿಯಾಗೆ ಹೋದ. ಐವತ್ತು ವರ್ಷದ ಹಿಂದೆ ಕೆಂಪು ಕಾಲುಚೀಲ ಹಾಕಿ ಮೊದಲ ಸಲ ಹೋಗಿದ್ದ ಅದೇ ಪಶ್ಚಿಮದ ದಿಕ್ಕಿಗೆ.